ಡಬ್ಬಿಯಲ್ಲಿ ಬಂದ ಹಡಗು

ಗೋಕಾಕ
8 ಡಿಸೆಂಬರ್ 2024

ರಾಜಮತಿ ಅಕ್ಕಾವರಿಗೆ ಶಾಂತಿನಾಥನ ಜಯ ಜಿನೇಂದ್ರ.

ನೀವು ಕಳಿಸಿದ ಮಯೂರಿಯ ಸಾಮಾನು ತಲುಪಿತು. ಟೆಂಪೋದ ಪರಪ್ಪ ತಾನೇ ಹೊತ್ತು ಮಹಡಿಯ ಮೇಲೆ ಇಟ್ಟು ಹೋದ. ಚಹಾ ಕುಡಿ ಅಂದರೆ ಕುಡಿಯಲಿಲ್ಲ. ಸಾವಿನ ಮನೆಯ ಚಹಾ ಅಂದುಕೊಂಡನೋ, ಅವಸರವಿತ್ತೋ. ಮಗಳ ಸೀರೆಯ ಗಂಟನ್ನು ಹೆತ್ತವಳು ಸುಮನ್ ಬಿಚ್ಚಲಿಲ್ಲ. ಕಪಾಟಿನ ಮೇಲೆ ಹಾಗೇ ಇಟ್ಟಿದ್ದಾಳೆ. ನಾನೂ ಬಿಚ್ಚು ಅನ್ನಲಿಲ್ಲ.

ಫೋನು ಮಾಡದೆ ಪತ್ರ ಬರೆಯುತ್ತಿದ್ದೇನೆಂದು ತಪ್ಪು ತಿಳಿಯಬೇಡಿ. ಶ್ರಾವಣದಲ್ಲಿ ಅಳಿಯ ಅರಿಹಂತನ ಫೋನು ಬಂದಾಗ ನಾನು ಅಂಗಡಿಯಲ್ಲಿ ಯಾರದೋ ಚಷ್ಮಾಕ್ಕೆ ಸ್ಕ್ರೂ ಕೂಡಿಸುತ್ತಿದ್ದೆ. "ಮಾಮಾ, ಮಯೂರಿ ಅಡಿಗಿ ಮನ್ಯಾಗ ಬಿದ್ಲರಿ" ಅಂದ. ತಲೆಯೊಳಗಿನ ನರ ಒಡೆದಿತ್ತು, ದವಾಖಾನೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು ಅನ್ನುವುದು ಆಮೇಲೆ ತಿಳಿಯಿತು. ಫೋನು ಕೆಳಗಿಟ್ಟು ಆ ಸ್ಕ್ರೂ ಬಿಗಿ ಮಾಡಿ, ಗಾಜು ಒರೆಸಿ, ಗಿರಾಕಿಯ ಕೈಗೆ ಕೊಟ್ಟೇ ಎದ್ದೆ. ಯಾಕೆ ಹಾಗೆ ಮಾಡಿದೆನೋ ತಿಳಿಯದು. ಅಂದಿನಿಂದ ಫೋನು ರಿಂಗಾದರೆ ಕೈ ಮುಂದೆ ಹೋಗುವುದಿಲ್ಲ. ಅದನ್ನು ಸುಮನ್‌ಗೆ ಕೊಟ್ಟೆ. ಅವಳು ಬಂದ್ ಮಾಡಿ ಇಟ್ಟಳು.

ಬರೆಯಲು ಕಾರಣ ಬೇರೆ. ನಿಮ್ಮ ಸಾಮಾನಿನಲ್ಲಿ ಒಂದು ಉದ್ದನೆಯ ಡಬ್ಬಿ ಇತ್ತು, ಸೀಲು ಒಡೆಯದ್ದು. ಒಳಗೆ ಕಟ್ಟಿಗೆಯ ತೆಳ್ಳನೆ ಪಟ್ಟಿಗಳು, ಚೂರುಗಳು, ದಾರದ ಉಂಡೆಗಳು, ದೊಡ್ಡ ನಕಾಶೆ. ಎಲ್ಲ ಜೋಡಿಸಿದರೆ ಮೂರು ಕಂಬದ ಹಾಯಿಹಡಗು ಆಗುತ್ತದಂತೆ. ಹೋದ ವರ್ಷ ಮಯೂರಿ ಇಲ್ಲಿಗೆ ಬಂದಾಗ, "ಅಂಗಡಿ ಬಿಟ್ಟ ಮ್ಯಾಲ ನಿನ್ನ ಕೈ ಸುಮ್ನ ಕುಂದ್ರಂಗಿಲ್ಲ ಅಪ್ಪಾ, ಏನರ ಕೆಲಸ ಹುಡುಕಿ ಕೊಡ್ತೀನಿ" ಅಂದಿದ್ದಳು. ದಸರೆಗೆ ಅಂಗಡಿ ಬಿಟ್ಟುಕೊಟ್ಟೆ. ಈಗ ಇದು ಬಂದಿದೆ. ನನಗಾಗಿ ತರಿಸಿಟ್ಟು, ಕೊಡುವ ಮೊದಲೇ ಹೋದಳು.

ಇದನ್ನು ತರಿಸುವಾಗ ಏನಾದರೂ ಅಂದಿದ್ದಳೇ? ನೆನಪಿದ್ದರೆ ತಿಳಿಸಿ.

ಶಾಂತಿನಾಥ


ಹುಕ್ಕೇರಿ
21 ಡಿಸೆಂಬರ್ 2024

ಶಾಂತಿನಾಥ ಅಣ್ಣನವರಿಗೆ ರಾಜಮತಿಯ ಜಯ ಜಿನೇಂದ್ರ.

ನಿಮ್ಮ ಪತ್ರ ತಲುಪಿತು. ನಾಲ್ಕು ಸಲ ಓದಿದೆ. ಶಾಲೆಯಲ್ಲಿ ಕನ್ನಡ ಕಲಿಸಿದವಳು ನಾನು. ಆದರೂ ಉತ್ತರಕ್ಕೆ ಇಷ್ಟು ದಿನ ಹಿಡಿಯಿತು.

ಮಯೂರಿ ನಿಮ್ಮನ್ನು ನೆನೆಯದ ದಿನವಿರಲಿಲ್ಲ. ಯಾರಾದರೂ ಚಷ್ಮಾ ಹಣೆಗೇರಿಸಿಕೊಂಡು ಹುಡುಕಾಡಿದರೆ, "ನಮ್ಮಪ್ಪನ ಗಿರಾಕಿ" ಅಂದು ನಗುತ್ತಿದ್ದಳು. ಹಡಗಿನ ವಿಷಯ ನನಗೆ ಅಷ್ಟು ಗೊತ್ತಿಲ್ಲ. ಡಬ್ಬಿ ನಿಮ್ಮ ಕೈಗೆ ಬಂದದ್ದು ಒಳ್ಳೆಯದೇ ಆಯಿತು. ನೀವೇ ಕಟ್ಟಿರಿ.

ಮಗ ಅರಿಹಂತ ಆರಾಮಿದ್ದಾನೆ. ಡ್ರಿಪ್ ಪೈಪಿನ ಅಂಗಡಿ ನಡೆದಿದೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತಾನೆ, ಹೋಗುತ್ತಾನೆ, ಬರುತ್ತಾನೆ. ಸುಮನ್ ವೈನಿಯನ್ನು ಕೇಳಿದೆನೆಂದು ಹೇಳಿರಿ.

ರಾಜಮತಿ


ಗೋಕಾಕ
2 ಫೆಬ್ರುವರಿ 2025

ರಾಜಮತಿ ಅಕ್ಕಾವರಿಗೆ ಜಯ ಜಿನೇಂದ್ರ.

ಹಡಗು ಶುರುವಾಗಿದೆ. ಮೊದಲು ಬೆನ್ನೆಲುಬು, ಅದಕ್ಕೆ ಅಡ್ಡಡ್ಡ ಪಕ್ಕೆಲುಬುಗಳು. ನಕಾಶೆಯಲ್ಲಿ ಇಂಗ್ಲಿಷ್ ಹೆಸರುಗಳಿವೆ. ಅವಕ್ಕೆ ನನ್ನವೇ ಹೆಸರು ಇಟ್ಟುಕೊಂಡಿದ್ದೇನೆ. ಪಕ್ಕೆಲುಬು ಒಂದು ಕೂದಲೆಳೆ ವಾರೆಯಾದರೂ ಮುಂದೆ ಇಡೀ ಹಡಗು ತಿರುಚಿಕೊಳ್ಳುತ್ತದಂತೆ. ಎರಡು ವಾರೆಯಾದವು. ಬಿಸಿನೀರು ಹಾಕಿ ಅಂಟು ಬಿಡಿಸಿ ಮತ್ತೆ ಕೂಡಿಸಿದೆ. ಅವಸರವೇನಿದೆ.

ಅಂಗಡಿಯ ಚಿಮಟಾ, ಸಣ್ಣ ಸ್ಕ್ರೂಡ್ರೈವರು, ಕಣ್ಣಿಗೆ ಕಟ್ಟುವ ಭೂತಗನ್ನಡಿ ಇವೆ. ಕೊಣ್ಣೂರಿನಿಂದ ಬಂದ ಒಬ್ಬ ಹಳೆಯ ಗಿರಾಕಿ ಚಷ್ಮಾದ ಕಾಲು ಮುರಿದುಕೊಂಡು ಮನೆ ಹುಡುಕಿ ಬಂದಿದ್ದ. ಮೇಜಿನ ಮೇಲಿನದನ್ನು ನೋಡಿ, "ಏನ್ರಿ ಇದು, ಮೀನಿನ ಎಲುಬೇನ್ರಿ?" ಅಂದ. ಹೌದು ಅಂದೆ. ಮುರಿದ ಚಷ್ಮಾ ಮುಂದೆ ಚಾಚಿದ.

ಸುಮನ್ ಒಂದೇ ಸಲ ಮಾತಾಡಿದಳು. "ಇದು ನೀರಾಗ ಹೋಗತೈತೇನು?" ಅಂದಳು. ಹೋಗುವುದಿಲ್ಲ, ನೋಡಲಿಕ್ಕಷ್ಟೇ ಅಂದೆ. "ಹಂಗಾರ ಯಾಕ?" ಅಂದಳು. ಪಕ್ಕೆಲುಬಿಗೆ ಅಂಟು ಹಚ್ಚಿದೆ. ಮುಂಜಾನೆ ಕೂತರೆ ಮಧ್ಯಾಹ್ನವಾಗುತ್ತದೆ. ಅಷ್ಟೇ ಅಕ್ಕಾವ್ರೆ. ಸಂಕಟ ಕಡಿಮೆಯಾಯಿತು ಅಂದರೆ ಸುಳ್ಳು, ಸಂಕಟವಿದೆ ಅಂದರೂ ಸುಳ್ಳು. ದವಾಖಾನೆಯಲ್ಲಿ ಸೂಜಿ ಚುಚ್ಚಿ ಜೋಮು ಹಿಡಿಸಿದ ದವಡೆಯ ಹಾಗೆ ಇದ್ದೇನೆ. ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ.

ಒಂದು ಕೇಳಿಕೆ. ಅಂಗಡಿಯಲ್ಲಿ ಎಷ್ಟೋ ನಮೂನೆಯ ಹಡಗುಗಳಿರುತ್ತವೆ, ಮಯೂರಿ ಈ ಮೂರು ಕಂಬದ್ದನ್ನೇ ಯಾಕೆ ಆರಿಸಿದಳು? ಅರಿಹಂತನಿಗೆ ಗೊತ್ತಿರಬಹುದು. ಒಂದು ಸಾಲು ಬರೆಯಲು ಹೇಳಿ.

ಶಾಂತಿನಾಥ


ಹುಕ್ಕೇರಿ
14 ಫೆಬ್ರುವರಿ 2025

ಅಣ್ಣನವರಿಗೆ ಜಯ ಜಿನೇಂದ್ರ.

ಅರಿಹಂತನಿಗೆ ಈಗ ಕೆಲಸ ಬಹಳ. ಬೇಸಿಗೆ ಬಂತೆಂದರೆ ದಡ್ಡಿ, ಯಮಕನಮರಡಿ ಎಂದು ಊರೂರು, ಹೊಲ ಹೊಲ ತಿರುಗಬೇಕಾಗುತ್ತದೆ. ಅವನನ್ನು ಈ ವಿಷಯದಲ್ಲಿ ಕೇಳದಿದ್ದರೆ ಒಳ್ಳೆಯದು ಅನ್ನಿಸುತ್ತದೆ. ನಿಮಗೆ ಬೇಸರವಾಗಬಾರದು.

ಹೇಳಬೇಕಾದ ಮಾತು ಒಂದೆರಡಿವೆ. ಎದುರಿಗೆ ಸಿಕ್ಕಾಗ ಹೇಳುತ್ತೇನೆ.

ರಾಜಮತಿ


ಗೋಕಾಕ
16 ಮಾರ್ಚ್ 2025

ಅಕ್ಕಾವರಿಗೆ ಜಯ ಜಿನೇಂದ್ರ.

ನಿಮ್ಮ ಪತ್ರ ಸಣ್ಣದಿತ್ತು. ನನ್ನದು ತಪ್ಪಾಯಿತು. ಸತ್ತವಳ ಮಾತನ್ನು ಬದುಕಿದವರ ಬಾಯಿಂದ ಕಿತ್ತುಕೊಳ್ಳಲು ಹೋಗಬಾರದು. ಮುದುಕನಿಗೆ ತಲೆ ಕೆಟ್ಟಿದೆ ಅಂದುಕೊಂಡಿದ್ದರೆ ಅದೂ ಇರಬಹುದು. ಇನ್ನು ಕೇಳುವುದಿಲ್ಲ.

ಹಡಗಿಗೆ ಮೈ ಬರುತ್ತಿದೆ. ಪಟ್ಟಿಗಳನ್ನು ಬಿಸಿನೀರಿನಲ್ಲಿ ನೆನೆಸಿ, ಮೆತ್ತಗಾದ ಮೇಲೆ ಪಕ್ಕೆಲುಬಿನ ಮೇಲೆ ಬಗ್ಗಿಸಿ, ಅಂಟು ಹಾಕಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಹಿಡಿಸುತ್ತೇವೆ. ಮುಂದಿನ ಮೂತಿಯ ಕಡೆ ಪಟ್ಟಿ ಜಾಸ್ತಿ ಬಗ್ಗಬೇಕು. ಒಬ್ಬರು ಬಗ್ಗಿಸಿ ಹಿಡಿದರೆ ಇನ್ನೊಬ್ಬರು ಕ್ಲಿಪ್ ಹಾಕಬೇಕು. ಮೊದಲು ಬಹಳ ಮುರಿದವು. ಈಗ ಮುರಿಯುವುದಿಲ್ಲ.

ನಿಮ್ಮ ಮಾತು ಎದುರಿಗೇ ಹೇಳಬೇಕೆಂದಿಲ್ಲ. ಬರೆದರೂ ನಡೆಯುತ್ತದೆ.

ಶಾಂತಿನಾಥ


ಹುಕ್ಕೇರಿ
2 ಏಪ್ರಿಲ್ 2025

ಶಾಂತಿನಾಥ ಅಣ್ಣನವರಿಗೆ ಜಯ ಜಿನೇಂದ್ರ.

ಹಿಡಿಸುತ್ತೇವೆ ಎಂದು ಬರೆದಿದ್ದಿರಿ, ಸುಮನ್ ವೈನಿಯೂ ನಿಮ್ಮ ಜೊತೆ ಹಡಗಿಗೆ ಕೈ ಹಾಕಿದ್ದಾರೆಂದು ತಿಳಿದು ಸಮಾಧಾನವಾಯಿತು. ಆ ಸಮಾಧಾನದಲ್ಲಿಯೇ ಇದನ್ನು ಬರೆಯುವ ಧೈರ್ಯ ಮಾಡಿದ್ದೇನೆ.

ಮೊದಲನೆಯದು. ಆ ಡಬ್ಬಿ ನಿಮಗಾಗಿ ತರಿಸಿದ್ದಲ್ಲ. ಹೋದ ವರ್ಷ ಮಕ್ಕಳಿಬ್ಬರೂ ಮಾಲವಣದ ಸಮುದ್ರಕ್ಕೆ ಹೋಗಿದ್ದರಲ್ಲ, ಬಂದ ಮೇಲೆ ಇಬ್ಬರೂ ಕೂತು ಮೊಬೈಲಿನಲ್ಲಿ ಆರಿಸಿ ತರಿಸಿದ್ದು. ಮಳೆಗಾಲದಲ್ಲಿ ಅಂಗಡಿ ತಣ್ಣಗಿರುತ್ತದೆ, ಆಗ ಇಬ್ಬರೂ ಕೂಡಿ ಕಟ್ಟುವುದೆಂದು ಮಾತಾಗಿತ್ತು. ನಾನು ಅವಳ ಸಾಮಾನು ಕಟ್ಟುವಾಗ ಕಣ್ಣು ಸರಿಯಾಗಿ ಕಾಣದೆ ಅದನ್ನೂ ಸೇರಿಸಿಬಿಟ್ಟೆ. ನಿಮ್ಮ ಮೊದಲ ಪತ್ರ ಬಂದ ವಾರ ಅರಿಹಂತ ಕಪಾಟೆಲ್ಲ ತೆಗೆದು ಹಾಕಿ, "ಅವ್ವಾ, ಹಡಗಿನ ಡಬ್ಬಿ ಎಲ್ಲೈತಿ?" ಅಂದ. ಗೊತ್ತಿಲ್ಲ ಅಂದೆ. ನಿಮಗೂ ಗೊತ್ತಿಲ್ಲ ಅಂತಲೇ ಬರೆದೆ. ಒಂದೇ ಸುಳ್ಳನ್ನು ಎರಡು ಮನೆಗೆ ಹಂಚಿದೆ. ಇಬ್ಬರಲ್ಲಿ ಯಾರ ಕೈಯಿಂದ ಕಸಿದುಕೊಳ್ಳಬೇಕು ಎಂದು ತಿಳಿಯಲಿಲ್ಲ.

ಎರಡನೆಯದು ಇನ್ನೂ ಕಠಿಣ. ಅರಿಹಂತನಿಗೆ ಮೂಡಲಗಿಯಲ್ಲಿ ಹೆಣ್ಣು ನೋಡಿದ್ದೇವೆ. ಹೆಸರು ತ್ರಿಶಲಾ. ಒಂದು ಸಲ ಮದುವೆಯಾಗಿ ಬಿಟ್ಟು ಬಂದ ಹುಡುಗಿ, ಅಂಗನವಾಡಿಯಲ್ಲಿ ಕೆಲಸ. ಅಕ್ಷಯ ತೃತೀಯಕ್ಕೆ ಮದುವೆ ಮಾಡುವುದೆಂದು ಮಾತಾಗಿದೆ. ವರ್ಷ ತುಂಬಲಿಲ್ಲ ಎಂದು ನೀವು ಅನ್ನಬಹುದು. ನಾನೂ ನನಗೆ ಅಂದುಕೊಂಡಿದ್ದೇನೆ. ಆದರೆ ಅರಿಹಂತನ ತಂದೆ ಹೋದಾಗ ನಾನು ಅವನ ಈಗಿನ ವಯಸ್ಸಿನವಳೇ. ಆಮೇಲಿನ ವರ್ಷಗಳನ್ನು ಹೇಗೆ ಕಳೆದೆನೆಂದು ನನಗಷ್ಟೇ ಗೊತ್ತು. ಅವನಿಗೆ ಅದು ಬೇಡ. ಅವನೂ ಒಪ್ಪಿದ್ದಾನೆ. ಹೇಳಿದಲ್ಲಿಗೆ ಬಂದ, ಕೇಳಿದ್ದಕ್ಕೆ ಹೂಂ ಅಂದ.

ನೀವು ಬೈದು ಬರೆದರೂ ಓದುತ್ತೇನೆ. ಬರೆಯದೆ ಇರಬೇಡಿ.

ರಾಜಮತಿ


ಗೋಕಾಕ
6 ಏಪ್ರಿಲ್ 2025

ರಾಜಮತಿ ಅಕ್ಕಾವರಿಗೆ ಜಯ ಜಿನೇಂದ್ರ.

ಬೈಯುವುದಿಲ್ಲ. ನನ್ನ ಹತ್ತಿರವೂ ಹೇಳದೆ ಇಟ್ಟುಕೊಂಡದ್ದಿದೆ.

ಸುಮನ್ ಹಡಗನ್ನು ಮುಟ್ಟಿಲ್ಲ. ಪಟ್ಟಿ ಬಗ್ಗಿಸಿ ಹಿಡಿಯುವವನು ಅರಿಹಂತ. ಫೆಬ್ರುವರಿ ಕೊನೆಯಿಂದ ರವಿವಾರಕ್ಕೊಮ್ಮೆ ಬರುತ್ತಾನೆ. ನಿಮಗೆ ಕೊಣ್ಣೂರ ಕಡೆ ಪೈಪಿನ ಕೆಲಸ ಅಂತ ಹೇಳಿರಬೇಕು. ನಿಮ್ಮ ಮನೆಯ ಮೇಜಿನ ಮೇಲೆ ನನ್ನ ಪತ್ರ ನೋಡಿದನಂತೆ. ಮೊದಲ ದಿನ ಬಾಗಿಲಲ್ಲಿ ನಿಂತವನು ಬಾ ಅಂದರೂ ಒಳಗೆ ಬರಲಿಲ್ಲ. ಅಲ್ಲಿಂದಲೇ ಹಡಗು ನೋಡಿ, "ಮಾಮಾ, ಹಿಂದಿನ ಪಕ್ಕೆಲುಬು ತಿರವಿ ಕೂಡಿಸೀರಿ" ಅಂದ. ಆರು ತಿಂಗಳ ಮೇಲೆ ನಮ್ಮಿಬ್ಬರ ನಡುವೆ ಆಡಿದ ಮೊದಲ ಮಾತು ಅದು.

ಕೂತ ಮೇಲೆ ಕೇಳಿದೆ. "ಇದನ್ನ ಮಯೂರಿ ನನಗಂತ ತರಿಸಿದ್ಲು, ಹೌದಲ್ಲೋ?"

ದಾರದ ಉಂಡೆ ಹೊರಳಿಸಿದ. "ಹೌದ್ರಿ ಮಾಮಾ. ನಿಮಗಂತನ ತರಿಸಿದ್ಲು" ಅಂದ.

ಅಕ್ಕಾವ್ರೆ, ಅಂಗಡಿಯಲ್ಲಿ ಕಣ್ಣು ಪರೀಕ್ಷೆಗೆ ಬಂದವರಲ್ಲಿ ಕೆಲವರು ಗೋಡೆಯ ಅಕ್ಷರ ಕಾಣದಿದ್ದರೂ ಬಾಯಿಪಾಠದಿಂದ ಓದಿಬಿಡುತ್ತಾರೆ. ಅವರ ಕಣ್ಣು ಅಕ್ಷರದ ಮೇಲಿರುವುದಿಲ್ಲ, ನಮ್ಮ ಮುಖದ ಮೇಲಿರುತ್ತದೆ. ಅರಿಹಂತ ಅವತ್ತು ಹಾಗೆಯೇ ನನ್ನ ಮುಖ ನೋಡಿದ. ಆಮೇಲೆ ನಕಾಶೆ ಬಿಚ್ಚದೆ, ಯಾವ ಚೂರು ಯಾವ ಚೀಲದಲ್ಲಿದೆ ಎಂದು ಹೇಳುತ್ತ ಹೋದ. ಒಡೆಯದ ಡಬ್ಬಿಯ ಒಳಗಿನದು ಅವನಿಗೆ ಹೇಗೆ ಗೊತ್ತು? ಕೂತು ಆರಿಸಿ, ಕಟ್ಟುವ ವಿಡಿಯೋ ನೋಡಿದವನಿಗೆ ಗೊತ್ತಿರುತ್ತದೆ. ನಾನು ತಿಳಿದುಕೊಂಡೆ, ಅವನು ಹೇಳಿದ ಚೀಲ ಬಿಚ್ಚಿದೆ. ನನಗಾಗಿ ಅವನು ಸುಳ್ಳು ಹೇಳಿದ. ಅವನಿಗಾಗಿ ನಾನು ನಂಬಿದೆ. ನಮ್ಮಿಬ್ಬರಿಗಾಗಿ ನೀವು ಬರೆಯದೆ ಉಳಿದಿರಿ.

ಮದುವೆಯ ವಿಷಯವೂ ಗೊತ್ತು. ಅವನೇ ಹೇಳಿದ. ಅವನಾಡಿದ ಮಾತನ್ನು ನಿಮಗೆ ಮುಟ್ಟಿಸಬೇಕೋ ಬೇಡವೋ ಎಂದು ಬಹಳ ತೂಗಿದೆ. ಹೆಣ್ಣು ಕೊಟ್ಟ ಮಾವ ಅಳಿಯನ ಎರಡನೆಯ ಮದುವೆಗೆ ಕಲ್ಲು ಹಾಕಿದ ಅನ್ನಿಸಿಕೊಳ್ಳುವ ಹೆದರಿಕೆ. ಆದರೂ ಬರೆಯುತ್ತೇನೆ.

ಹೋದ ತಿಂಗಳು ಹಡಗಿಗೆ ಪಟ್ಟಿ ಹಚ್ಚುವಾಗ ಅಂದ, "ಮಾಮಾ, ಅವ್ವ ಮೂಡಲಗಿಗೆ ಕರ್ಕೊಂಡ ಹೋಗಿದ್ಲು. ಆ ಹುಡುಗಿ ಏನೋ ಕೇಳಿದ್ಲು. ನಾ ಹೂಂ ಅಂದೆ."

"ಏನ ಕೇಳಿದ್ಲು?"

"ನೆನಪಿಲ್ರಿ."

ಅಷ್ಟು ಹೇಳಿ ಮುಂದಿನ ಪಟ್ಟಿ ನೀರಿನಿಂದ ತೆಗೆದ. ಅವನು ಒಪ್ಪಿಲ್ಲ ಅಕ್ಕಾವ್ರೆ. ಬೇಡ ಅನ್ನುವುದಕ್ಕೂ ಒಂದಿಷ್ಟು ಜೀವ ಬೇಕಾಗುತ್ತದೆ, ಅದು ಅವನಲ್ಲಿಲ್ಲ. ನೀವು ಅಂಗಡಿ ಮಾರು ಅಂದರೂ ಹೂಂ ಅಂದಾನು. ಹೊತ್ತಿಗೆ ಉಣ್ಣುತ್ತಾನೆ ಎಂದು ಬರೆದಿದ್ದಿರಿ. ನಾನೂ ಹೊತ್ತಿಗೆ ಉಣ್ಣುತ್ತೇನೆ.

ಅವನು ಮದುವೆಯಾಗಲಿ. ಇವತ್ತಾದರೂ ಆಗಲಿ, ನಾವಿಬ್ಬರೂ ಬಂದು ಅಕ್ಷತೆ ಹಾಕುತ್ತೇವೆ. ಆದರೆ ಒಂದು ಸಲ ಅವನನ್ನು ಎದುರಿಗೆ ಕೂಡಿಸಿಕೊಂಡು ಕೇಳಿ. ಹೂಂ ಅಂದ ಮೇಲೂ ಏಳಬೇಡಿ. ಕೂತಿರಿ.

ಶಾಂತಿನಾಥ


ಹುಕ್ಕೇರಿ
22 ಏಪ್ರಿಲ್ 2025

ಅಣ್ಣನವರಿಗೆ ಜಯ ಜಿನೇಂದ್ರ.

ನಿಮ್ಮ ಪತ್ರ ಓದಿ ಮೊದಲು ಸಿಟ್ಟು ಬಂತು. ನನ್ನ ಮಗ ನನಗೆ ಸುಳ್ಳು ಹೇಳಿ ನಿಮ್ಮ ಮನೆಗೆ ಬರುತ್ತಾನೆ, ನನಗೆ ಹೇಳದ್ದನ್ನು ನಿಮಗೆ ಹೇಳುತ್ತಾನೆ. ಹೆತ್ತವಳಿಗೆ ಕಾಣದ್ದು ನಿಮಗೆ ಕಂಡಿತಲ್ಲ ಎಂದು ಪತ್ರ ಹರಿಯಲು ಹೋದೆ. ಹರಿಯಲಿಲ್ಲ.

ಮಹಾವೀರ ಜಯಂತಿಯ ಮರುದಿನ ಅವನನ್ನು ಕೂಡಿಸಿಕೊಂಡೆ. "ಅರಿಹಂತ, ತ್ರಿಶಲಾ ನಿನಗ ಪಸಂದ ಅದಾಳ?" ಅಂದೆ. ಹೂಂ ಅಂದ. ನೀವು ಹೇಳಿದಂತೆ ಏಳಲಿಲ್ಲ. ಅವನು ಕೈಯ ಉಗುರು ನೋಡಿಕೊಳ್ಳುತ್ತ ಕೂತ, ನಾನು ಅವನನ್ನು ನೋಡುತ್ತ ಕೂತೆ. ಕುಕ್ಕರಿನ ಸೀಟಿ ಹೊಡೆದು ಹೊಡೆದು ಬೇಳೆ ಹೊತ್ತಿತು. ಇಬ್ಬರೂ ಏಳಲಿಲ್ಲ.

ಕಡೆಗೆ ಅಂದ, "ಅವ್ವಾ, ನನಗ ಪಸಂದನೂ ಇಲ್ಲ, ನಾಪಸಂದನೂ ಇಲ್ಲ. ಯಾವುದೂ ಒಳಗ ಇಳಿವಲ್ದು. ಮಯೂರಿ ಹೋದಾಗೂ ನಾ ಅಳಲಿಲ್ಲ, ನೀ ನೋಡಿದಿಯಲ್ಲ? ಎಲ್ಲಾರೂ ಗಟ್ಟಿಗ ಅಂದ್ರು. ಆ ಹುಡುಗಿ ಒಮ್ಮೆ ನೊಂದು ಬಂದಾಳ. ನನ್ನಂಥಾವನ ಜೋಡಿ ಯಾಕ ಕಟ್ಟತಿ?"

ಮೂಡಲಗಿಗೆ ಮಧ್ಯಸ್ಥರನ್ನು ಕಳಿಸಲಿಲ್ಲ. ನಾನೇ ಬಸ್ಸು ಹತ್ತಿ ಹೋದೆ. ಹುಡುಗಿಯ ಕಾಕಾ ಅಂಗಳದಲ್ಲಿಯೇ ದನಿ ಏರಿಸಿದ. "ಮಂದಿಗೆ ಏನಂತ ಹೇಳೂಣ್ರಿ ಬಾಯಾರ?" ಅಂದ. ಅನ್ನಿಸಿಕೊಂಡೆ. ತ್ರಿಶಲಾ ಒಳಗಿನಿಂದ ನೀರು ತಂದುಕೊಟ್ಟು ಎದುರಿಗೆ ಕೂತಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕೇಳಿ ತಲೆಯಾಡಿಸಿದಳು.

"ನಾ ಅವತ್ತ ಅವರಿಗೆ ಏನ ಕೇಳಿದ್ದೆ ಗೊತ್ತೈತೇನ್ರಿ? ನಿಮಗ ಈ ಮದುವಿ ಖರೇನ ಬೇಕಾಗೇತೇನು ಅಂತ ಕೇಳಿದ್ದೆ. ಹೂಂ ಅಂದ್ರು. ದನಿ ಕೇಳಿ ನನಗ ಅವತ್ತ ತಿಳಿದಿತ್ತು. ಆದ್ರೂ ಮನ್ಯಾಗ ಹೇಳಲಿಲ್ಲ. ಮತ್ತೊಂದು ಮುರೀತು ಅಂತಾರಲ್ರಿ, ಅದಕ್ಕ."

ನಾನು ಕಾಯಲು ಹೇಳಬೇಕೆಂದಿದ್ದೆ. ಬಾಯಿ ತೆಗೆಯುವ ಮೊದಲೇ, "ಕಾಯ್ರಿ ಅಂತ ಮಾತ್ರ ಅನಬ್ಯಾಡ್ರಿ" ಅಂದಳು. ಒಳ್ಳೆಯ ಹುಡುಗಿ. ಬಸ್ಸಿನ ತನಕ ಬಂದು ಕಿಟಕಿಯ ಸೀಟು ಹಿಡಿದು ಕೂಡಿಸಿ ಹೋದಳು. ಬಸ್ಸು ಹೊರಟ ಮೇಲೆ ನನಗೆ ಅಳು ಬಂತು. ಯಾರಿಗಾಗಿ ಅತ್ತೆನೋ ಗೊತ್ತಾಗಲಿಲ್ಲ.

ಮದುವೆ ಇಲ್ಲ. ಅರಿಹಂತನಿಗೆ ಹೇಳಿದೆ. ಸಮಾಧಾನವಾಯಿತೋ ಇಲ್ಲವೋ, ಮುಖದಲ್ಲಿ ಏನೂ ತೋರಲಿಲ್ಲ. ರವಿವಾರ ಗೋಕಾಕಕ್ಕೆ ಹೋಗುತ್ತೇನೆಂದ. ನನಗೆ ಹೇಳಿ ಹೊರಟದ್ದು ಅದೇ ಮೊದಲು. ಬುತ್ತಿ ಕಟ್ಟಿಕೊಟ್ಟೆ.

ರಾಜಮತಿ


ಗೋಕಾಕ
17 ಜೂನ್ 2025

ರಾಜಮತಿ ಅಕ್ಕನವರಿಗೆ ಸುಮನ್ ಮಾಡುವ ಜಯ ಜಿನೇಂದ್ರ.

ನನಗೆ ನಿಮ್ಮಂತೆ ಬರೆಯಲು ಬರುವುದಿಲ್ಲ. ಇವರು ಬರೆಯಲೊಲ್ಲರು, ಅದಕ್ಕೆ ನಾನು ಬರೆಯುತ್ತಿದ್ದೇನೆ.

ರವಿವಾರ ಹಡಗು ಮುಗಿಯಿತು. ಮುಂಜಾನೆಯಿಂದ ಮಾವ ಅಳಿಯ ಕೂಡಿ ಕಂಬಗಳಿಗೆ ದಾರ ಕಟ್ಟಿದರು. ಕಡೆಯ ಗಂಟು ಹಾಕಿ ತುದಿ ಕತ್ತರಿಸಿದ ಮೇಲೆ ಇಬ್ಬರೂ ಕೈ ತೊಡೆಯ ಮೇಲಿಟ್ಟು ಅದನ್ನೇ ನೋಡುತ್ತ ಕೂತರು. ಏನೋ ಆಗುತ್ತದೆ ಎಂದು ಕಾದ ಹಾಗಿತ್ತು. ಏನೂ ಆಗಲಿಲ್ಲ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಚೆಂದ ಇದೆ ಅಕ್ಕಾ, ಖರೆ ಚೆಂದ ಇದೆ. ಆದರೆ ನೋಡಿ ನನಗೂ ಏನೂ ಆಗಲಿಲ್ಲ.

"ಇನ್ನ ಮುಂದ ಏನ ಮಾಡೂದ್ರಿ ಮಾಮಾ?" ಅಂದ ಅರಿಹಂತ.

"ಗೊತ್ತಿಲ್ಲೋ" ಅಂದರು ಇವರು.

ಅರಿಹಂತ ಅಲ್ಲೇ ಮೇಜಿನ ಬಾಜೂ ನೆಲದ ಮೇಲೆ ಅಡ್ಡಾದ. ಕಣ್ಣು ಮುಚ್ಚಿದ್ದೇ ನಿದ್ದೆ ಹತ್ತಿತು. ಎಂಥ ನಿದ್ದೆ ಅಕ್ಕಾ, ಬಾಯಿ ತೆರೆದುಕೊಂಡು ಸಣ್ಣ ಹುಡುಗರು ಮಲಗುತ್ತಾರಲ್ಲ ಹಾಗೆ. ಎಷ್ಟು ತಿಂಗಳಿಂದ ನಿದ್ದೆ ಮಾಡಿರಲಿಲ್ಲವೋ ಏನೋ. ಕರೆಂಟು ಹೋಯಿತು. ಇವರು ಪೇಪರು ಮಡಚಿ ಅವನಿಗೆ ಗಾಳಿ ಹಾಕುತ್ತ ಕೂತರು.

ಹೊತ್ತು ಇಳಿಯಿತು. ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಉಣ್ಣುವುದಿಲ್ಲವಲ್ಲ, ಬೇಗ ಅಡಿಗೆ ಮಾಡಿ, "ಎಬ್ಬಸ್ರಿ, ಉಂಡು ಮಲಗ್ಲಿ" ಅಂದೆ. ಇವರು ಬೇಡವೆಂದು ತಲೆ ಅಲ್ಲಾಡಿಸಿದರು. ಮತ್ತೆ ಕರೆದೆ. ಆಗ ಇವರ ಕಡೆ ನೋಡಿದೆ. ಗಾಳಿ ಹಾಕುವ ಕೈ ನಿಂತಿರಲಿಲ್ಲ, ಗಲ್ಲದ ಮೇಲಿಂದ ನೀರು ಇಳಿದು ಅಂಗಿ ತೋಯುತ್ತಿತ್ತು. ಮಗಳ ದಹನ ಮುಗಿಸಿ ಬಂದ ದಿನ ಕೂಡ ಇವರ ಕಣ್ಣಲ್ಲಿ ನಾನು ನೀರು ನೋಡಿರಲಿಲ್ಲ. ದನಿ ಮಾಡಿದರೆ ಅವನು ಎದ್ದಾನೆಂದು ತುಟಿ ಕಚ್ಚಿ ಹಿಡಿದಿದ್ದರು. ನಾನೂ ಬಾಜೂ ಹೋಗಿ ಕೂತೆ. ಹೊತ್ತು ಮುಳುಗಿತು. ಮಾಡಿದ ಅಡಿಗೆ ಹಾಗೇ ಉಳಿಯಿತು.

ಸೋಮವಾರ ಮುಂಜಾನೆ ಮೂವರೂ ಉಪವಾಸ ಬಿಟ್ಟೆವು. ತಾಟು ಇಡುವಾಗ ಹಳೆಯ ರೂಢಿಯಲ್ಲಿ ಕೈ ತಪ್ಪಿ ನಾಲ್ಕು ಇಟ್ಟೆ. ಅರಿಹಂತ ನೋಡಿದ, ಇವರೂ ನೋಡಿದರು. ನಾನು ಅದನ್ನು ತೆಗೆಯಲಿಲ್ಲ.

ಬರುವ ರವಿವಾರ ಅರಿಹಂತನ ಜೋಡಿ ನೀವೂ ಬರ್ರಿ ಅಕ್ಕಾ. ಮುಂಜಾನಿ ಬಸ್ಸಿಗೇ ಬರ್ರಿ. ಊಟಕ್ಕ ನಾಕು ಮಂದಿ ಆಗತೇವಿ.

ಸುಮನ್